ಕಡಲಕಳೆ, ಅಯೋಡಿನ್ ಮತ್ತು ಥೈರಾಯ್ಡ್: ಗೊಂದಲ ಆಗುವ ಜಾಗ

ಮಂಗಳೂರಿನ ಮನೆಗಳಲ್ಲಿ ಕಡಲಕಳೆ ಹೆಚ್ಚಾಗಿ ಬರುವುದು ಚೈನಾ ಗ್ರಾಸ್ ಆಗಿ. ಪುಡ್ಡಿಂಗ್ ಗಟ್ಟಿ ಮಾಡುವ ಆ ಬಿಳಿ ಎಳೆಗಳು ಕೆಂಪು ಕಡಲಕಳೆಯಿಂದ ತೆಗೆದವು, ಬಹುಪಾಲು ಬರೀ ನಾರು. ಇಡೀ ಕಡಲಕಳೆ ತಿಂದರೆ ನಾರಿನ ಜೊತೆ ಖನಿಜಗಳೂ ಸಿಗುತ್ತವೆ, ಕ್ಯಾಲೊರಿ ಕಡಿಮೆ. ಲಾಭದ ಭಾಗ ಸುಲಭ. ಕಷ್ಟ ಇರುವುದು ಅಯೋಡಿನ್‌ನಲ್ಲಿ.

ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಸಾಕು. ಅಮೆರಿಕದ ಮಾನದಂಡದಲ್ಲಿ ಮೇಲಿನ ಮಿತಿ 1,100. ಸುಶಿಗೆ ಸುತ್ತುವ ನೋರಿಯಲ್ಲಿ ಗ್ರಾಂಗೆ ಕೆಲವು ಹತ್ತು ಮೈಕ್ರೋಗ್ರಾಂ ಅಷ್ಟೇ. ಆದರೆ ಕೊಂಬು ಎಂಬ ಜಪಾನಿ ಕಂದು ಕಡಲಕಳೆ ಒಣಗಿದ್ದು ಒಂದೇ ಗ್ರಾಂ ತಿಂದರೂ ಆ ಮಿತಿ ದಾಟಬಹುದು! ಹಾಗಾಗಿ "ಕಡಲಕಳೆ ಒಳ್ಳೆಯದಾ?" ಅಂತ ಕೇಳುವ ಮೊದಲು ಯಾವ ಜಾತಿ ಅಂತ ಕೇಳಬೇಕು.

ಈಗ ತಲೆ ತಿನ್ನುವ ಪ್ರಶ್ನೆ. ಥೈರಾಯ್ಡ್ ಹಾರ್ಮೋನ್ ತಯಾರಾಗುವುದೇ ಅಯೋಡಿನ್‌ನಿಂದ. ಅದರ ಎರಡು ರೂಪಗಳಲ್ಲಿ, ಟಿ4ರಲ್ಲಿ ನಾಲ್ಕು ಅಯೋಡಿನ್ ಪರಮಾಣು, ಟಿ3ರಲ್ಲಿ ಮೂರು. ಹಾಗಾದರೆ ಅಯೋಡಿನ್ ಜಾಸ್ತಿಯಾದರೆ ಹಾರ್ಮೋನೂ ಜಾಸ್ತಿ ಆಗಬೇಕು, ಅಲ್ವಾ? ಆಗುವುದು ಉಲ್ಟಾ. ಅಯೋಡಿನ್ ಒಮ್ಮೆಲೇ ತುಂಬಿದರೆ ಗ್ರಂಥಿ ಅದನ್ನು ಹಾರ್ಮೋನಿಗೆ ಜೋಡಿಸುವ ಕೆಲಸವನ್ನೇ ನಿಲ್ಲಿಸುತ್ತದೆ. ಇದನ್ನು ವಿಜ್ಞಾನಿಗಳಾದ ವುಲ್ಫ್ ಮತ್ತು ಚೈಕಾಫ್ 1948ರಲ್ಲಿ ಇಲಿಗಳಲ್ಲಿ ತೋರಿಸಿದರು.

ಆರೋಗ್ಯವಂತರಲ್ಲಿ ಕೆಲವು ದಿನಗಳಲ್ಲಿ ಕೆಲಸ ಮತ್ತೆ ಶುರುವಾಗುತ್ತದೆ. ಇಲ್ಲಿ ಗಮನಿಸಿ: ಗ್ರಂಥಿಗೆ ಹೆಚ್ಚಿನ ಅಯೋಡಿನ್ ಅಭ್ಯಾಸವಾಗಿ ಹೀಗಾಗುವುದಲ್ಲ. ಜೀವಕೋಶಗಳು ಅಯೋಡಿನ್ ಒಳಗೆ ಬರುವ ಬಾಗಿಲುಗಳನ್ನು ಕಡಿಮೆ ಮಾಡುತ್ತವೆ. ಒಳಗಿನ ಪ್ರಮಾಣ ಇಳಿಯುತ್ತದೆ, ತಡೆ ತೆರವಾಗುತ್ತದೆ. ಹಶಿಮೊಟೊ ಕಾಯಿಲೆ (ದೇಹದ ರಕ್ಷಣಾ ವ್ಯವಸ್ಥೆಯೇ ಥೈರಾಯ್ಡ್ ಮೇಲೆ ದಾಳಿ ಮಾಡುವುದು) ಇರುವ ಹಲವರಲ್ಲಿ, ಗರ್ಭದಲ್ಲಿರುವ ಮಗುವಿನಲ್ಲಿ ಈ ಹೊಂದಾಣಿಕೆ ಸರಿಯಾಗಿ ನಡೆಯುವುದಿಲ್ಲ. ಹಾರ್ಮೋನ್ ಕಡಿಮೆಯಾಗಿಯೇ ಉಳಿಯುತ್ತದೆ. ಆಗ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಥೈರಾಯ್ಡನ್ನು ಪ್ರಚೋದಿಸುವ ಟಿಎಸ್‌ಎಚ್ ಹಾರ್ಮೋನನ್ನು ಏರಿಸುತ್ತದೆ, ಅದರ ಒತ್ತಾಯಕ್ಕೆ ಥೈರಾಯ್ಡ್ ಊದುತ್ತದೆ. ಅಯೋಡಿನ್ ಕೊರತೆಯಲ್ಲೂ ಗಳಗಂಡ ಬರುವುದು ಇದೇ ಟಿಎಸ್‌ಎಚ್ ದಾರಿಯಲ್ಲಿ. ಇಷ್ಟು ಹಿಡಿದುಕೊಂಡರೆ, ಕೊಂಬು ಜಾಸ್ತಿ ತಿನ್ನುವ ಜಪಾನಿನ ಹೊಕ್ಕೈಡೊ ಕರಾವಳಿಯಲ್ಲಿ 1960ರ ದಶಕದಲ್ಲಿ ಗಳಗಂಡ ವರದಿಯಾದದ್ದು ವಿಚಿತ್ರ ಅನಿಸುವುದಿಲ್ಲ. ಆದರೆ ಹಳೆಯ ಗಂಟುಗಳಿರುವ ಗ್ರಂಥಿಯಲ್ಲಿ ತಡೆ ಕೆಲಸ ಮಾಡದೆ ಹಾರ್ಮೋನ್ ವಿಪರೀತ ಏರಬಹುದು.

ಉಳಿದ ಅಪಾಯ ಬೇಗ ಹೇಳುತ್ತೇನೆ. ಹಿಜಿಕಿ ಎಂಬ ಕಡಲಕಳೆಯಲ್ಲಿ ವಿಷಕಾರಿಯಾದ ಅಜೈವಿಕ ಆರ್ಸೆನಿಕ್ ಹೆಚ್ಚು, ಬ್ರಿಟನ್ನಿನ ಆಹಾರ ಸಂಸ್ಥೆ ಅದನ್ನು ತಿನ್ನಲೇಬೇಡಿ ಎನ್ನುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಕಡಲಕಳೆಯಲ್ಲಿರುವ ವಿಟಮಿನ್ ಕೆ ಬಗ್ಗೆ ವೈದ್ಯರನ್ನು ಕೇಳಬೇಕು. ಕಡಲಕಳೆ ನೀರಿನ ಭಾರಲೋಹಗಳನ್ನೂ ಹೀರುತ್ತದೆ. ಆದ್ದರಿಂದ ಅಳಿವೆ ಹತ್ತಿರ, ಚರಂಡಿ ನೀರು ಸೇರುವ ಕಡೆ ಬಂಡೆಯಿಂದ ಕಿತ್ತು ಸುಮ್ನೆ ಬಾಯಿಗೆ ಹಾಕಬೇಡಿ.

ಕೊಂಬು ಕುದಿಸಿ ನೀರು ಚೆಲ್ಲಿದರೆ ಅಯೋಡಿನ್ ಬಹುಪಾಲು ಹೋಗುತ್ತದೆ. ಆ ನೀರನ್ನೇ ಸಾರಿಗೆ ಬಳಸಿದರೆ ಅಷ್ಟೂ ಸಾರಿನಲ್ಲೇ ಇರುತ್ತದೆ.