ಎತ್ತಲು ಜಾಕ್, ಹೊರಲು ಸ್ಟ್ಯಾಂಡ್

ಡಿಕ್ಕಿಯಲ್ಲಿರುವ ಕತ್ತರಿ ಜಾಕ್ ಪಂಕ್ಚರ್ ಆದ ಚಕ್ರ ಬದಲಿಸಲು ಮಾತ್ರ. ಅದರ ಮೇಲೆ ನಿಂತ ಕಾರಿನಡಿ ಕೈ ಕೂಡ ಚಾಚಬೇಡಿ. ಹೈಡ್ರಾಲಿಕ್ ಟ್ರಾಲಿ ಜಾಕ್ ಗಟ್ಟಿಮುಟ್ಟಾಗಿ ಕಂಡರೂ ಒಳಗಿನ ಎಣ್ಣೆಯನ್ನು ತಡೆದಿರುವುದು ಸಣ್ಣ ರಬ್ಬರ್ ಸೀಲ್. ಅದು ಸವೆದಿದ್ದರೆ ಕಾರು ಮೆಲ್ಲಗೆ ಇಳಿಯುತ್ತದೆ, ಹರಿದರೆ ಒಮ್ಮೆಲೇ. ಅಡಿಗೆ ತಲೆ ಹಾಕುವ ಕೆಲಸ ಯಾವುದೇ ಇರಲಿ, ಎತ್ತಿದ ಕಾರನ್ನು ಹೊತ್ತು ನಿಲ್ಲುವ ಕಬ್ಬಿಣದ ಕಾಲುಗಳು, ಅಂದರೆ ಒಂದು ಜೊತೆ ಜಾಕ್ ಸ್ಟ್ಯಾಂಡ್ ಬೇಕೇ ಬೇಕು.

ಅಂಗಡಿಯಲ್ಲಿ ಎಲ್ಲರೂ ಕೇಳುವುದು ಎಷ್ಟು ಟನ್ ಎಂದು. ಸಣ್ಣ ಹ್ಯಾಚ್‌ಬ್ಯಾಕ್ ಸುಮಾರು 900 ಕೆ.ಜಿ. ತೂಗುತ್ತದೆ, ಮುಂಭಾಗ ಎತ್ತಿದರೆ ಸ್ಟ್ಯಾಂಡ್‌ಗಳ ಮೇಲೆ ಬೀಳುವುದು ಅದರ ಅರ್ಧಕ್ಕಿಂತ ತುಸು ಹೆಚ್ಚು. 3 ಟನ್ನಿನ ಜೊತೆ ಧಾರಾಳವಾಯಿತು. ನಿಜವಾಗಿ ಹೆದರಬೇಕಾದದ್ದು ಕಾರು ಅಡ್ಡಡ್ಡ ಸರಿಯುವುದಕ್ಕೆ.

ನೆಲ ಸಮತಟ್ಟಾದ ಕಾಂಕ್ರೀಟ್ ಆಗಿರಲಿ. ಗೇಟಿನ ಮುಂದಿನ ಇಳಿಜಾರು ಬೇಡ. ಬಿಸಿಲಿಗೆ ಕಾದ ಡಾಂಬರಿನಲ್ಲಿ ಸ್ಟ್ಯಾಂಡಿನ ಕಾಲು ಹೂತುಹೋಗುತ್ತದೆ. ಮಣ್ಣು, ಜಲ್ಲಿಯ ತೊಂದರೆಯೇ ಬೇರೆ: ಟ್ರಾಲಿ ಜಾಕ್‌ನ ತೋಳು ಮೇಲೇರುವಾಗ ಕಮಾನಿನಂತೆ ಬಾಗಿ ಚಲಿಸುತ್ತದೆ, ಅದಕ್ಕೆ ತಕ್ಕಂತೆ ಜಾಕ್ ಉರುಳಬೇಕು. ಗಾಲಿ ಸಿಕ್ಕಿಕೊಂಡರೆ ಅದರ ತಲೆ ಕಾರಿನಡಿ ಜಾರತೊಡಗುತ್ತದೆ.

ಹ್ಯಾಂಡ್‌ಬ್ರೇಕನ್ನು ಪೂರ್ತಿ ನಂಬುವುದು ಇನ್ನೊಂದು ತಪ್ಪು. ನಮ್ಮ ಬಹುಪಾಲು ಕಾರುಗಳಲ್ಲಿ ಅದು ಹಿಡಿಯುವುದು ಹಿಂದಿನ ಚಕ್ರಗಳನ್ನು. ಹಿಂಭಾಗ ಎತ್ತಿದರೆ ಅದಿದ್ದೂ ಇಲ್ಲದಂತೆ. ಗೇರಿನಲ್ಲಿ ನಿಲ್ಲಿಸಿದ್ದೇವಲ್ಲ ಎನ್ನುತ್ತೀರಿ, ಆದರೆ ಮುಂದಿನ ಒಂದು ಚಕ್ರ ಗಾಳಿಯಲ್ಲಿದ್ದರೆ ಡಿಫರೆನ್ಷಿಯಲ್ (ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ) ಅದನ್ನು ತಿರುಗಲು ಬಿಟ್ಟು, ನೆಲದ ಮೇಲಿರುವ ಜೊತೆ ಚಕ್ರವನ್ನೂ ಉರುಳಲು ಬಿಡುತ್ತದೆ. ಹಾಗಾಗಿ ನೆಲದಲ್ಲೇ ಉಳಿಯುವ ಚಕ್ರಗಳಿಗೆ ಹಿಂದೆ ಮುಂದೆ ಮರದ ಬೆಣೆ ಕೊಡಿ. ಚಕ್ರ ಕಳಚುವುದಿದ್ದರೆ ಕಾರು ಎತ್ತುವ ಮೊದಲೇ ನಟ್‌ಗಳನ್ನು ಕಾಲು ಸುತ್ತು ಸಡಿಲಿಸಿ. ಎತ್ತಿದ ಮೇಲೆ ಸ್ಪ್ಯಾನರ್ ಜಗ್ಗಿದರೆ ಕಾರೇ ಅಲುಗುತ್ತದೆ.

ಬಾಗಿಲ ಕೆಳಗಿನ ಅಂಚಿನಲ್ಲಿ, ಮುಂದಿನ ಚಕ್ರದ ಹಿಂದೆ ಮತ್ತು ಹಿಂದಿನ ಚಕ್ರದ ಮುಂದೆ, ಗುರುತಿನ ಕಚ್ಚುಗಳಿರುತ್ತವೆ. ಸ್ಟ್ಯಾಂಡ್ ನಿಲ್ಲಬೇಕಾದದ್ದು ಆ ಬಲಪಡಿಸಿದ ಜಾಗಕ್ಕೆ, ನಡುವೆ ಸೀಳಿರುವ ರಬ್ಬರ್ ಪ್ಯಾಡ್ ಇಟ್ಟು. ಜಾಕ್‌ಗೆ ಮ್ಯಾನುಯಲ್ ತೋರಿಸುವ ಮಧ್ಯದ ಕ್ರಾಸ್‌ಮೆಂಬರ್ (ಕಾರಿನಡಿಯ ಗಟ್ಟಿ ಅಡ್ಡಪಟ್ಟಿ) ಸಿಕ್ಕರೆ ಉತ್ತಮ, ಎರಡೂ ಬದಿ ಒಟ್ಟಿಗೆ ಏಳುತ್ತದೆ. ಎಂಜಿನ್ ಅಡಿಯ ಎಣ್ಣೆ ತೊಟ್ಟಿಯಾದ ಆಯಿಲ್ ಸಂಪ್, ತೆಳು ಫ್ಲೋರ್ ಶೀಟ್ ಮುಟ್ಟಬೇಡಿ. ಎಲೆಕ್ಟ್ರಿಕ್ ಕಾರಿನಲ್ಲಿ ನೆಲದುದ್ದಕ್ಕೂ ಬ್ಯಾಟರಿ ಇರುವುದರಿಂದ ಮ್ಯಾನುಯಲ್ ಹೇಳಿದ ಬಿಂದು ಬಿಟ್ಟು ಬೇರೆಡೆ ಜಾಕ್ ಇಡಲೇಬಾರದು.

ಸ್ಟ್ಯಾಂಡ್ ಬದಲು ಹಾಲೋ ಬ್ಲಾಕ್, ಇಟ್ಟಿಗೆ ಜೋಡಿಸುವುದನ್ನು ದಯವಿಟ್ಟು ನಿಲ್ಲಿಸಿ. ಕಬ್ಬಿಣ ಬಾಗಿ ಮುನ್ಸೂಚನೆ ಕೊಡುತ್ತದೆ, ಕಾಂಕ್ರೀಟ್ ಒಂದು ಬಿಂದುವಿನ ಮೇಲೆ ಭಾರ ಬಿದ್ದರೆ ಸದ್ದಿಲ್ಲದೆ ಒಡೆಯುತ್ತದೆ. ಹಲ್ಲುಗಳಿರುವ ರ‍್ಯಾಚೆಟ್ ಸ್ಟ್ಯಾಂಡಿನಲ್ಲಿ ಹಲ್ಲನ್ನು ಹಿಡಿಯುವ ಕೊಂಡಿ ಪೂರ್ತಿ ಕೂತಿದೆಯೇ ನೋಡಿ. 2020ರಲ್ಲಿ ಅಮೆರಿಕದಲ್ಲಿ ಭಾರ ಹೊತ್ತಾಗಲೇ ಕೊಂಡಿ ಕಳಚುವ ದೋಷಕ್ಕಾಗಿ ಲಕ್ಷಾಂತರ ಸ್ಟ್ಯಾಂಡ್‌ಗಳನ್ನು ಹಿಂಪಡೆಯಲಾಯಿತು. ಅಡ್ಡ ಪಿನ್ ಇರುವುದನ್ನೇ ಕೊಳ್ಳುವುದು ಲೇಸು.

ಭಾರ ಸ್ಟ್ಯಾಂಡಿಗೆ ಇಳಿದ ಮೇಲೆ ಹೊರಗೆ ನಿಂತು, ಕಾರನ್ನು ಎರಡೂ ಬದಿಯಿಂದ ಕೈಯಿಂದ ಗಟ್ಟಿಯಾಗಿ ಅಲುಗಿಸಿ. ಬೀಳುವುದಿದ್ದರೆ ಆಗಲೇ ಬೀಳಲಿ. ಜಾಕನ್ನು ತೆಗೆಯದೆ ಮೆಲ್ಲಗೆ ತಾಗಿಸಿಡಿ. ಕಳಚಿದ ಚಕ್ರವನ್ನು ಬಾಗಿಲ ಅಂಚಿನಡಿ ಮಲಗಿಸಿ.

ಇಳಿಸುವಾಗ ಮೊದಲು ಜಾಕ್‌ನಿಂದ ತುಸು ಎತ್ತಿ ಸ್ಟ್ಯಾಂಡ್ ತೆಗೆಯಿರಿ, ಬಳಿಕ ಜಾಕ್‌ನ ಎಣ್ಣೆ ಬಿಡುವ ವಾಲ್ವನ್ನು ಕೂದಲೆಳೆಯಷ್ಟೇ ತಿರುಗಿಸುತ್ತ ಹೋಗಿ. ಚಕ್ರ ನೆಲ ಮುಟ್ಟಿದ ಮೇಲೆಯೇ ನಟ್‌ಗಳನ್ನು ಎದುರುಬದುರಾಗಿ ಬಿಗಿದು, 50 ಕಿ.ಮೀ. ಓಡಿದ ನಂತರ ಮತ್ತೊಮ್ಮೆ ಪರೀಕ್ಷಿಸಿ.