ಪ್ರಾಪಗಾಂಡಾ: ಗೋಡೆಯಿಂದ ಚಾಚಿದ ಬೆರಳು

ದಾಳಿಂಬೆ ಕೊಂಬೆಗೆ ಗೂಟಿ ಕಟ್ಟಿ ಹೊಸ ಗಿಡ ಮಾಡೋದನ್ನು ನೋಡಿದ್ದೀರಲ್ವಾ? ಹೀಗೆ ಇರುವ ಗಿಡದಿಂದಲೇ ಗಿಡ ಹಬ್ಬಿಸುವುದಕ್ಕೆ ಲ್ಯಾಟಿನ್‌ನಲ್ಲಿ ‘ಪ್ರೊಪಗಾರೆ’ ಎಂಬ ಪದವಿತ್ತು. ‘ಪ್ರಾಪಗಾಂಡಾ’ ಬಂದದ್ದು ಅಲ್ಲಿಂದಲೇ. 1622ರಲ್ಲಿ ಪೋಪ್ ಹದಿನೈದನೇ ಗ್ರೆಗರಿ ಕ್ರೈಸ್ತ ಮತ ಹರಡಲು ರೋಮ್‌ನಲ್ಲಿ ಒಂದು ಮಂಡಳಿ ಕಟ್ಟಿದರು. ಅದರ ಹೆಸರಿನಲ್ಲೇ ಈ ಪದ ಇತ್ತು. ಆಗ ಅದು ಬೈಗುಳವಾಗಿರಲಿಲ್ಲ. ಹೆಸರು ಪೂರಾ ಕೆಟ್ಟಿದ್ದು ಮೊದಲ ಮಹಾಯುದ್ಧದ ನಂತರ.

ಕನ್ನಡದಲ್ಲಿ ಇದಕ್ಕೆ ಸರಿಯಾಗಿ ಕೂರುವ ಪದ ಸಿಗುವುದು ಕಷ್ಟ. ‘ಪ್ರಚಾರ’ ಅಂದರೆ ಚುನಾವಣೆಯದ್ದೂ ಆಗಬಹುದು, ಪೋಲಿಯೊ ಹನಿಯದ್ದೂ ಆಗಬಹುದು. ‘ಅಪಪ್ರಚಾರ’ ಅಂದರೆ ಸುಳ್ಳು ಹಬ್ಬಿಸುವುದು. ಪ್ರಾಪಗಾಂಡಾ ಇವೆರಡರ ನಡುವೆ ಎಲ್ಲೋ ಇದೆ. ಅದು ಸುಳ್ಳು ಹೇಳಲೇಬೇಕು ಅಂತೇನಿಲ್ಲ. ನಾವು ಕೂತು ಯೋಚಿಸುವ ಮೊದಲೇ ನಮ್ಮ ಮನಸ್ಸು ಒಂದು ಕಡೆ ವಾಲಿದರೆ ಅದಕ್ಕೆ ಸಾಕು. ಯುದ್ಧಕಾಲದ ಪೋಸ್ಟರುಗಳನ್ನು ನೋಡಿದರೆ ಈ ಕೆಲಸ ಬಿಡಿಸಿಟ್ಟಂತೆ ಕಾಣುತ್ತದೆ.

1914ರಲ್ಲಿ ಬ್ರಿಟನ್ನಿನಲ್ಲಿ ಸೈನ್ಯಕ್ಕೆ ಸೇರುವುದು ಕಡ್ಡಾಯವಾಗಿರಲಿಲ್ಲ. ಆ ಕಾನೂನು ಬಂದದ್ದು 1916ರಲ್ಲಿ. ಅಲ್ಲಿಯವರೆಗೆ ಹುಡುಗರು ತಾವಾಗಿಯೇ ಬರಬೇಕಿತ್ತು. ಆಲ್ಫ್ರೆಡ್ ಲೀಟ್ ಬರೆದ ಚಿತ್ರದಲ್ಲಿ ಯುದ್ಧಮಂತ್ರಿ ಕಿಚನರ್ ನೆಟ್ಟ ನೋಟದಿಂದ ಬೆರಳು ಚಾಚಿದ್ದಾರೆ. ನೀವು ಎಡಕ್ಕೆ ಸರಿದರೂ ಬಲಕ್ಕೆ ಸರಿದರೂ ಬೆರಳು ನಿಮ್ಮ ಕಡೆಗೇ. ಸಂತೆಯಲ್ಲಿ ಯಾರೋ ಹೆಸರು ಹಿಡಿದು ಕೂಗಿದ ಹಾಗೆ. 1917ರಲ್ಲಿ ಅಮೆರಿಕದ ಜೇಮ್ಸ್ ಮಾಂಟ್‌ಗಮರಿ ಫ್ಲಾಗ್ ಇದೇ ಉಪಾಯ ಹೂಡಿದ. ಅಮೆರಿಕವನ್ನೇ ಒಬ್ಬ ಮುದುಕನಾಗಿ ಕಲ್ಪಿಸಿದ ಪಾತ್ರವಾದ ಅಂಕಲ್ ಸ್ಯಾಮ್‌ಗೆ ತನ್ನ ಮುಖವನ್ನೇ ವಯಸ್ಸಾದಂತೆ ಬರೆದುಕೊಂಡ. ಆ ಪೋಸ್ಟರು 40 ಲಕ್ಷಕ್ಕೂ ಜಾಸ್ತಿ ಅಚ್ಚಾಯಿತು.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಚುರುಕಾದದ್ದು 1915ರ ಬ್ರಿಟಿಷ್ ಪೋಸ್ಟರು. ಬರೆದವರು ಸ್ಯಾವಿಲ್ ಲಮ್ಲಿ. ಅಪ್ಪ ಆರಾಮ ಕುರ್ಚಿಯಲ್ಲಿ ಕೂತಿದ್ದಾನೆ. ಮಗಳು ತೊಡೆಯ ಮೇಲೆ, ಮಗ ನೆಲದ ಮೇಲೆ ಆಟದ ಸೈನಿಕರನ್ನು ಜೋಡಿಸುತ್ತಿದ್ದಾನೆ. ಕೆಳಗೆ ಒಂದು ಪ್ರಶ್ನೆ: “ಅಪ್ಪಾ, ಮಹಾಯುದ್ಧದಲ್ಲಿ *ನೀನು* ಏನು ಮಾಡಿದೆ?” ಅಪ್ಪನ ಕಣ್ಣು ಮಕ್ಕಳ ಮೇಲಿಲ್ಲ, ನಮ್ಮ ಮೇಲಿದೆ. ಈಗ ಚಿತ್ರದಲ್ಲಿ ಏನಿಲ್ಲ ಅನ್ನುವುದನ್ನು ನೋಡಿ. ಯುದ್ಧವೇ ಇಲ್ಲ! ಅದು ಮುಗಿದಿದೆ, ಮನೆ ಬೆಚ್ಚಗಿದೆ, ಮಕ್ಕಳೂ ದೊಡ್ಡವರಾಗುತ್ತಿದ್ದಾರೆ. ಹೋದವನು ಸಾಯಬಹುದು ಅನ್ನುವ ವಿಷಯ ಆ ಕೋಣೆಯೊಳಗೆ ಕಾಲಿಡುವುದೇ ಇಲ್ಲ. ಉಳಿದಿರುವುದು ನಾಚಿಕೆ ಒಂದೇ. ಅದರಲ್ಲಿ ಒಂದು ಸುಳ್ಳೂ ಇಲ್ಲ. ಪ್ರಶ್ನೆಗೆ ಸುಳ್ಳು-ನಿಜ ಅಂತ ಎಲ್ಲಿರುತ್ತೆ?

ಎಲ್ಲ ಪೋಸ್ಟರುಗಳೂ ಇಷ್ಟು ನಯವಾಗಿರಲಿಲ್ಲ ಬಿಡಿ. ಅಮೆರಿಕದ ಒಂದರಲ್ಲಿ ಜರ್ಮನಿಯೆಂದರೆ ಮೊನೆಯ ಶಿರಸ್ತ್ರಾಣ ತೊಟ್ಟ ಗೊರಿಲ್ಲಾ. ಅದರ ಒಂದು ಕೈಯಲ್ಲಿ ದೊಣ್ಣೆ, ಇನ್ನೊಂದು ಕೈಯಲ್ಲಿ ಹೆಣ್ಣು. ಎದುರಿಗಿರುವುದು ಮನುಷ್ಯನೇ ಅಲ್ಲ ಅಂದ ಮೇಲೆ ಮಾತುಕತೆಗೆ ಜಾಗವೆಲ್ಲಿ?

ಅದೇ ಯುದ್ಧಕ್ಕೆ ಭಾರತದಲ್ಲೂ ಬ್ರಿಟಿಷರು ಜನ ಸೇರಿಸಿದರು. ಇಲ್ಲಿನ ಒಂದು ಉರ್ದು ಪೋಸ್ಟರಿನ ದಾರಿಯೇ ಬೇರೆ. ಸಮವಸ್ತ್ರ, ರೂಪಾಯಿ, ಬಂದೂಕು ಮುಂದಿಟ್ಟು, ಇವನ್ನು ಯಾರು ತಗೊಳ್ತಾರೆ ಅಂತ ಕೇಳುತ್ತದೆ. ಅಲ್ಲಿ ‘ನೀನು ಏನು ಮಾಡಿದೆ’ ಅನ್ನುವ ಪ್ರಶ್ನೆಯೇ ಇಲ್ಲ. ಆಳುವವರದ್ದೇ ಯುದ್ಧ ಆದಾಗ ಆಳಿಸಿಕೊಳ್ಳುವವನನ್ನು ಯಾವ ಬಾಯಲ್ಲಿ ನಾಚಿಸುವುದು? ಅದಕ್ಕೇ ಸಂಬಳದ ಮಾತು ಮೊದಲು ಬಂತು ಅಂತ ನನಗನಿಸುತ್ತದೆ.

ಸರ್ವನಾಮದಲ್ಲಿ ಎಡವಿದರೆ ಇಡೀ ಪೋಸ್ಟರು ಬೀಳುತ್ತದೆ. 1939ರಲ್ಲಿ, ಎರಡನೇ ಮಹಾಯುದ್ಧ ಶುರುವಾದಾಗ, ಬ್ರಿಟಿಷ್ ಸರ್ಕಾರ ಕೆಂಪು ಬಣ್ಣದ ಪೋಸ್ಟರು ಅಂಟಿಸಿತು: “ನಿಮ್ಮ ಧೈರ್ಯ, ನಿಮ್ಮ ಲವಲವಿಕೆ, ನಿಮ್ಮ ಛಲ ನಮಗೆ ಗೆಲುವು ತರುತ್ತದೆ.” ಕಷ್ಟ ‘ನಿಮ್ಮದು’, ಗೆಲುವು ‘ನಮ್ಮದು’! ಜನ ಮುಖ ಸಿಂಡರಿಸಿದರು. ಅದರ ಜೊತೆಯ ಇನ್ನೊಂದು ಪೋಸ್ಟರು 24 ಲಕ್ಷದಷ್ಟು ಅಚ್ಚಾಗಿತ್ತು, ಆದರೆ ಗೋಡೆ ಕಂಡದ್ದು ತೀರಾ ಕಡಿಮೆ. 2000ದಲ್ಲಿ ಇಂಗ್ಲೆಂಡಿನ ಆಲ್ನಿಕ್ ಊರಿನ ಹಳೇ ಪುಸ್ತಕದಂಗಡಿಯಲ್ಲಿ ಅದರ ಒಂದು ಪ್ರತಿ ಸಿಕ್ಕಿತು. ‘ಕೀಪ್ ಕಾಮ್ ಆ್ಯಂಡ್ ಕ್ಯಾರಿ ಆನ್’ (ಸಮಾಧಾನವಾಗಿರಿ, ಕೆಲಸ ಮುಂದುವರಿಸಿ) ಅಂತ ಈಗ ಕಾಫಿ ಮಗ್ಗಿನ ಮೇಲೆ, ಟೀ ಶರ್ಟಿನ ಮೇಲೆ ನೋಡುತ್ತೀರಲ್ಲ, ಅದೇ.