ಊರಿಗಿಂತ ಬೇರೆಯಾಗಿ ಬೆಳೆಯಲು ಐದು ಗುಂಟೆ ಸಾಕು

ಕೋಲಾರ ಸೀಮೆಯಲ್ಲಿ ರಾಗಿಯನ್ನು ಎರಚಿಯೋ ಕೂರಿಗೆಯಲ್ಲೋ ಬಿತ್ತುವುದು ವಾಡಿಕೆ. ಉದ್ದಕ್ಕೂ ಅಡ್ಡಕ್ಕೂ ಸಾಲು ಹೊಡೆದು, ಸಾಲು ಕೂಡುವಲ್ಲಿ ಗುಳಿ ತೋಡಿ ಪೈರು ನೆಡುವ ಹಾವೇರಿ ಕಡೆಯ ಗುಳಿ ರಾಗಿಯನ್ನು ಇಲ್ಲಿ ಮಾಡಿನೋಡುವ ಆಸೆ ಇದ್ದವರೂ ಊರವರ ಮಾತಿಗೆ ಅಂಜಿ ಹಿಂದೆ ಸರಿಯುತ್ತಾರೆ. ಆ ಅಂಜಿಕೆಯಲ್ಲಿ ನ್ಯಾಯವಿದೆ. ವರ್ಷದ ಮುದ್ದೆಯನ್ನು ಪಣಕ್ಕಿಟ್ಟು ಧೈರ್ಯ ಮಾಡಿ ಎಂದು ಯಾರಿಗೂ ಹೇಳಬಾರದು. ಕೈಕೊಟ್ಟರೂ ಮನೆಯ ಊಟಕ್ಕೆ ತಟ್ಟದಷ್ಟು ಜಾಗ, ಐದು ಗುಂಟೆ, ಬಿಡಿಸಿಕೊಳ್ಳಿ. ಪಕ್ಕದಲ್ಲೇ ಅಷ್ಟೇ ಜಾಗದಲ್ಲಿ, ಅದೇ ಮಣ್ಣಿನಲ್ಲಿ, ಎಂದಿನಂತೆ ರಾಗಿ ಇರಲಿ. ಮೊದಲ ವರ್ಷ ರಸ್ತೆ ಪಕ್ಕದ ಹೊಲ ಬೇಡ; ಹೋಗಿಬರುವವರ ಮಾತು ದಿನವೂ ಕಿವಿಗೆ ಬಿದ್ದರೆ ಮನಸ್ಸು ಕುಗ್ಗುತ್ತದೆ.

ಐದು ಗುಂಟೆಗೆ 50 ಗ್ರಾಂ ಬೀಜ ಸಾಕು, ಜಿಪಿಯು-28 ತಳಿ ಆಗಬಹುದು. ಸಸಿಮಡಿಯಲ್ಲಿ ತೆಳ್ಳಗೆ ಬಿತ್ತಿ. ಒಂದೂವರೆ ಅಡಿಗೊಂದರಂತೆ ಎರಡೂ ಕಡೆ ಸಾಲು ಹೊಡೆದರೆ ಸುಮಾರು 2,400 ಗುಳಿಗಳಾಗುತ್ತವೆ. ಗುಳಿಗೆ ಒಂದು ಹಿಡಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, 20ರಿಂದ 25 ದಿನದ ಎರಡು ಪೈರು. ಮಳೆ ನಂಬಿಕೊಂಡು ಪೈರು ಬಲಿಯಲು ಬಿಟ್ಟರೆ ತೆಂಡೆ, ಅಂದರೆ ಬುಡದಿಂದ ಒಡೆಯುವ ಕವಲು, ಕಡಿಮೆಯಾಗುತ್ತದೆ, ಆಮೇಲೆ ಎಷ್ಟು ಗೊಬ್ಬರ ಹಾಕಿದರೂ ಅದು ತುಂಬಿಬರುವುದಿಲ್ಲ. ಅದಕ್ಕೇ ನಾಟಿಯ ದಿನ ಗುಳಿಗೆ ಒಂದೊಂದು ಚೊಂಬು ಹಾಕುವಷ್ಟು ನೀರು ಹೊಂದಿಸಿಟ್ಟುಕೊಳ್ಳಿ.

ನಿಜವಾದ ಪರೀಕ್ಷೆ ನಾಟಿಯಾದ ಮೇಲಿನ ದಿನಗಳಲ್ಲಿ. ಪಕ್ಕದ ಹೊಲ ಹಸಿರಾಗಿ ತುಂಬಿರುತ್ತದೆ, ನಿಮ್ಮದು ಬೋಳಾಗಿ ಕಾಣುತ್ತದೆ. ಹೆಚ್ಚಿನವರು ಕೆಡುವುದು ಇಲ್ಲೇ: ನಾಚಿಕೆಗೆ ನಡುವೆ ಇನ್ನಷ್ಟು ಪೈರು ತುರುಕುತ್ತಾರೆ, ಯೂರಿಯಾ ಸುರಿಯುತ್ತಾರೆ. ಅಂತರ ಹೋದರೆ ಎರಡೂ ಕಡೆ ಕುಂಟೆ ಹೊಡೆಯಲಾಗದು, ಕಳೆ ಏಳುತ್ತದೆ. ನಾಟಿಯಾದ 15-20 ದಿನಕ್ಕೆ ಪೈರಿನ ಮೇಲೆ ಕೊರಡು ಎಳೆಯುವ ಕೆಲಸ ಬರುತ್ತದೆ. ಹಗುರದ ದಿಮ್ಮಿಗೆ ಹಗ್ಗ ಕಟ್ಟಿ ಇಬ್ಬರು ಎಳೆದರಾಯಿತು. ಪೈರೆಲ್ಲ ಮಲಗಿಬಿಡುತ್ತದೆ, ಬೆಳೆ ಹಾಳು ಮಾಡಿದಿರಿ ಎಂದು ಮನೆಯವರೇ ಬೈಯಬಹುದು. ಬುಡ ಬಾಗಿದ ಪೈರು ಕೆಲವೇ ದಿನಗಳಲ್ಲಿ ಎದ್ದು ಹೊಸ ತೆಂಡೆ ಒಡೆಯುತ್ತದೆ. ಇದನ್ನು ಮೊದಲೇ ಮನೆಯಲ್ಲಿ ಹೇಳಿಟ್ಟಿರಿ. ಮಣ್ಣಿನಲ್ಲಿ ಹದ ಇದ್ದಾಗ ಮಾತ್ರ ಎಳೆಯಿರಿ, ಒಣಗಿದ ನೆಲದಲ್ಲಿ ಪೈರು ಕಿತ್ತುಬರುತ್ತದೆ. 45 ದಿನ ದಾಟಿದ ಮೇಲೆ ಕೊರಡನ್ನು ಮುಟ್ಟಬೇಡಿ, ತೆನೆಗೆ ಪೆಟ್ಟು.

ರಾಗಿಯ ನಡುವೆ ಅವರೆಯಂಥ ಕಾಳು ಹಾಕುವ ಅಕ್ಕಡಿ ಸಾಲನ್ನು ಕೈಬಿಡಬೇಡಿ. ಸೊನೆ ಅವರೆ ಇಲ್ಲದ ಚಳಿಗಾಲವನ್ನು ಈ ಸೀಮೆಯ ಅಡುಗೆಮನೆ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಹೊಸತನ್ನು ತರುವವರು ಹಳೆಯದರಲ್ಲಿ ಒಳ್ಳೆಯದನ್ನು ಉಳಿಸಿಕೊಂಡರೆ ಅರ್ಧ ವಿರೋಧ ತಾನಾಗಿ ಇಳಿಯುತ್ತದೆ. ಹಿರಿಯರೊಂದಿಗೆ ವಾದಕ್ಕಿಳಿಯುವ ಬದಲು ಅಕ್ಕಡಿ ಎಲ್ಲಿ ಬರಲಿ ಎಂದು ಅವರನ್ನೇ ಕೇಳಿ.

ಕೊಯ್ಲಿನಲ್ಲಿ ಎರಡು ತುಂಡಿನ ತೆನೆಯನ್ನು ಕಣದಲ್ಲಿ ಬೆರೆಸಬೇಡಿ. ಬೇರೆಬೇರೆ ಒಕ್ಕಿ, ತೂರಿ, ಒಣಗಿಸಿ ತೂಗಿ. ಹಸು ಕಟ್ಟಿದ ಮನೆಗಳಿಗೆ ಹುಲ್ಲಿನ ಲೆಕ್ಕವೂ ಬೇಕು. ಆಳಿನ ಲೆಕ್ಕ ಇನ್ನೂ ಮುಖ್ಯ, ಏಕೆಂದರೆ ಈ ಪದ್ಧತಿಯ ಭಾರವೆಲ್ಲ ನಾಟಿಯ ದಿನವೇ ಬೀಳುತ್ತದೆ. ತಕ್ಕಡಿ ಹಿಡಿಯಲು ಹೆಚ್ಚು ಅನುಮಾನಪಟ್ಟವರನ್ನೇ ಕರೆಯಿರಿ. ಇಳುವರಿ ಕಡಿಮೆ ಬಂದಿದ್ದರೆ ಅದನ್ನೂ ಮುಚ್ಚಿಡಬೇಡಿ.

ಐದು ಗುಂಟೆಯ ತೂಕವನ್ನು ಎಂಟರಿಂದ ಗುಣಿಸಿ ಎಕರೆಗಿಷ್ಟು ಎಂದು ಸಾರುವುದು ಅವಸರ. ಸಣ್ಣ ತುಂಡಿಗೆ ಸಿಕ್ಕ ಆರೈಕೆ ಎಕರೆಗೆ ಸಿಗದು. ಎರಡನೇ ವರ್ಷ ಅರ್ಧ ಎಕರೆಗೆ ಹೋಗಿ, ಇನ್ನೊಂದು ಮನೆಯನ್ನು ಜೊತೆಗೆ ಸೇರಿಸಿಕೊಳ್ಳಿ. ಎರಡು ಮನೆಯ ಮಡಿಗಳನ್ನು ವಾರದ ಅಂತರದಲ್ಲಿ ಬಿತ್ತಿದರೆ ಒಬ್ಬರ ಹೊಲಕ್ಕೊಬ್ಬರು ದುಡಿಯುವ ಮುಯ್ಯಾಳಿನಲ್ಲೇ ಎರಡೂ ಹೊಲದ ನಾಟಿ ಮುಗಿಯುತ್ತದೆ.